ಮಂಡ್ಯದ 23 ಕಂಪ್ಯೂಟರಿಗೆ ಒಂದೇ ಸ್ಟೇಬಲ್: ತಲೆಭಾಗದಿಂದ ಕೊನೆಭಾಗದವರೆಗೆ

ಆಗಸ್ಟ್ 11, 2025, ಸೋಮವಾರ

ಬೆಳಗ್ಗೆ ಎಂಟೂವರೆಗೆ ಎಪಿಎಂಸಿ ಯಾರ್ಡಿನ ಬೆಲ್ಲದ ಮಂಡಿಯಿಂದ ಫೋನ್ ಬಂತು. "ಅಣ್ಣ, ಸನಿವಾರದ ಗಂಟ ಸಂದಾಗಿತ್ತು. ಇವತ್ತು ಕ ಒತ್ತಿದ್ರೆ ಇಂಗ್ಲೀಸ್ ಅಕ್ಸರ ಬತ್ತದೆ. ಗಾಡಿ ಬಂದು ನಿಂತವೆ, ಪಟ್ಟಿ ಬರೆಯಂಗಿಲ್ಲ" ಅಂದರು ಗುಮಾಸ್ತರು.

ಪಟ್ಟಿ ಅಂದರೆ ಮಂಡಿಯಲ್ಲಿ ರೈತರ ಕೈಗೆ ಕೊಡುವ ಲೆಕ್ಕದ ಚೀಟಿ. ಅಚ್ಚು ಬೆಲ್ಲವೋ ಕುರಿಕಟ್ಟೋ, ತೂಕ ಎಷ್ಟು, ದರ ಎಷ್ಟು, ಹಮಾಲಿ ಕಳೆದು ಕೈಗೆ ಬರುವುದು ಎಷ್ಟು, ಎಲ್ಲ ಅದರಲ್ಲಿರುತ್ತದೆ. ಅದನ್ನು ಓದಬೇಕಾದವರು ರೈತರು. ಹಾಗಾಗಿ ಕನ್ನಡ ಬಾರದ ಕಂಪ್ಯೂಟರ್ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ನನ್ನ ಲ್ಯಾಪ್‌ಟಾಪನ್ನೇ ಅವರ ಮೇಜಿನ ಮೇಲಿಟ್ಟು ಅವತ್ತಿನ ವ್ಯಾಪಾರ ನಡೆಸಿದೆವು. ಸಂಜೆ ಆ ಮಶೀನನ್ನು ಬಿಚ್ಚಿ ಕೂತೆ. ತಪ್ಪು ನನ್ನದೇ. ಹೋದ ವರ್ಷ ಒಂದು ಹೊಸ ಪ್ರಿಂಟರಿಗೆ ಡ್ರೈವರ್ ಬೇಕಿತ್ತು. ಆ ಮಶೀನಿನಲ್ಲಿದ್ದದ್ದು ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ 12ನೇ ಆವೃತ್ತಿ, ಅದರ ಕೋಡ್‌ನೇಮ್ ಬುಕ್‌ವರ್ಮ್. ಅದು ಆಗಿನ ಸ್ಟೇಬಲ್, ಅಂದರೆ ಪರೀಕ್ಷೆ ಮುಗಿಸಿ ಬಿಟ್ಟ ಆವೃತ್ತಿ. ಅದರಲ್ಲಿ ಆ ಡ್ರೈವರ್ ಹಳೆಯದು. ಸುಮ್ನೆ ಒಂದು ಸಲ ಅಂತ, ಸಾಫ್ಟ್‌ವೇರ್ ಎಲ್ಲಿಂದ ತರಬೇಕೆಂದು ಹೇಳುವ ಸೋರ್ಸಸ್ ಲಿಸ್ಟಿನಲ್ಲಿ ಟೆಸ್ಟಿಂಗ್‌ನ, ಅಂದರೆ ಇನ್ನೂ ಪರೀಕ್ಷೆಯಲ್ಲಿರುವ ಮುಂದಿನ ಆವೃತ್ತಿಯ, ಸಾಲು ಸೇರಿಸಿದ್ದೆ. ಪ್ರಿಂಟರ್ ಓಡಿತು. ಸಾಲು ತೆಗೆಯುವುದು ಮರೆತೆ. ಆಮೇಲೆ ಡಾಂಗಲ್‌ನಲ್ಲಿ ನೆಟ್ ಸಿಕ್ಕಾಗಲೆಲ್ಲ ಮಶೀನ್ ಟೆಸ್ಟಿಂಗ್‌ನಿಂದ ಒಂದೊಂದೇ ಪ್ಯಾಕೇಜ್ (ಸಾಫ್ಟ್‌ವೇರಿನ ಕಟ್ಟು) ಎಳೆದುಕೊಂಡಿದೆ. ಮೊದಲು ಸಿ ಲೈಬ್ರರಿ, ಅದರ ಹಿಂದೆ ಇನ್ನಷ್ಟು. ಕೊನೆಗೆ ಕನ್ನಡ ಟೈಪಿಂಗ್ ನೋಡಿಕೊಳ್ಳುವ ಐಬಸ್‌ನ ಅರ್ಧ ಭಾಗ ಹೊಸದು, ಅರ್ಧ ಹಳೆಯದು ಆಗಿ ಕೂತಿತ್ತು. ಸೋಮವಾರ ಬೆಳಗ್ಗೆ ಆನ್ ಮಾಡಿದಾಗ ಕೀಬೋರ್ಡಿನ ಎಂಜಿನ್ ಏಳಲೇ ಇಲ್ಲ.

ಸಿ ಲೈಬ್ರರಿ ಮುಂದೆ ಹೋದ ಮೇಲೆ ಹಿಂದಕ್ಕೆ ತರುವುದು ಬಲು ಕಷ್ಟ. ಅದನ್ನು ನಂಬಿಕೊಂಡೇ ಮಿಕ್ಕಿದ್ದೆಲ್ಲ ನಿಂತಿರುತ್ತದೆ. ಪಟ್ಟಿಗಳ ಫೋಲ್ಡರ್ ಕಾಪಿ ಮಾಡಿಕೊಂಡು, ಮಶೀನ್ ಅಳಿಸಿ, ಮತ್ತೆ ಬುಕ್‌ವರ್ಮ್ ಹಾಕಿದೆ. ರಾತ್ರಿ ಹನ್ನೊಂದಾಯಿತು.

ಆಗಸ್ಟ್ 14

ನಾನು ನೋಡಿಕೊಳ್ಳುವುದು ಒಟ್ಟು 23 ಮಶೀನ್. ಒಂದು ಅನುದಾನಿತ ಪ್ರೌಢಶಾಲೆಯ ಲ್ಯಾಬಿನಲ್ಲಿ 16, ಮಂಡಿಯಲ್ಲಿ 3, ಒಂದು ಡಿಟಿಪಿ ಅಂಗಡಿಯಲ್ಲಿ 2, ನನ್ನ ಮನೆಯಲ್ಲಿ 2. ಮೂರು ದಿನ ಒಂದೊಂದನ್ನೇ ತೆರೆದು ನೋಡಿದೆ. ಎಲ್ಲದರಲ್ಲೂ ಡೆಬಿಯನ್ ಇದೆ. ಆದರೆ ಒಂದರ ಹಾಗೆ ಇನ್ನೊಂದಿಲ್ಲ.

ಆರು ಮಶೀನಿನ ಸೋರ್ಸಸ್ ಲಿಸ್ಟಿನಲ್ಲಿ ಬುಕ್‌ವರ್ಮ್ ಎಂಬ ಹೆಸರಿನ ಬದಲು ಸ್ಟೇಬಲ್ ಎಂಬ ಪದ ಇತ್ತು. ಇದು ನೋಡಲು ಸಣ್ಣ ವಿಷಯ. ಆದರೆ ಆಗಸ್ಟ್ 9ಕ್ಕೆ ಡೆಬಿಯನ್ 13, ಟ್ರಿಕ್ಸಿ, ಬಿಡುಗಡೆಯಾಯಿತು. ಅವತ್ತಿನಿಂದ ಸ್ಟೇಬಲ್ ಎಂಬ ಪದ ಟ್ರಿಕ್ಸಿಯನ್ನು ತೋರಿಸುತ್ತದೆ. ಕೋಡ್‌ನೇಮ್ ಬದಲಾದದ್ದನ್ನು ಪ್ಯಾಕೇಜ್ ತಂದು ಹಾಕುವ ಆಪ್ಟ್ ಎಂಬ ಸಾಧನ ಗಮನಿಸುತ್ತದೆ, ಯಾರಾದರೂ ಒಪ್ಪಿಗೆ ಕೊಡುವ ತನಕ ಮುಂದೆ ಹೋಗುವುದಿಲ್ಲ. ಅದು ಒಳ್ಳೆಯದೇ. ಆದರೆ ತನ್ನಷ್ಟಕ್ಕೆ ಅಪ್‌ಡೇಟ್ ಆಗುವ ಮಶೀನಿನಲ್ಲಿ ಒಪ್ಪಿಗೆ ಕೊಡುವವರು ಯಾರೂ ಇರುವುದಿಲ್ಲ. ಅದು ಸದ್ದಿಲ್ಲದೆ ನಿಂತುಬಿಡುತ್ತದೆ. ಸೆಕ್ಯುರಿಟಿ ಅಪ್‌ಡೇಟ್ ಕೂಡ ನಿಲ್ಲುತ್ತದೆ. ಆರೂ ಮಶೀನು ಹಾಗೆಯೇ ನಿಂತಿದ್ದವು. ಮೊದಲ ಕೆಲಸವಾಗಿ ಎಲ್ಲ ಕಡೆ ಕೋಡ್‌ನೇಮ್ ಬರೆದೆ. ನೀವು ಒಂದೇ ಮಶೀನ್ ಇಟ್ಟುಕೊಂಡಿದ್ದರೂ ಇದೊಂದನ್ನು ಇವತ್ತೇ ನೋಡಿ.

ಸ್ಟೇಬಲ್ ಎಂದರೆ ಹಳೇ ಸರಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಡಿಟಿಪಿ ಅಂಗಡಿಯವರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ, "ವರ್ಷನ್ ಹಳೇದಲ್ವಾ ಸಾರ್, ತೂತು ಇರಲ್ವಾ?" ಅಂತ. ಡೆಬಿಯನ್‌ನಲ್ಲಿ ತೂತು, ಅಂದರೆ ಸೆಕ್ಯುರಿಟಿ ದೋಷ, ಮುಚ್ಚುವ ರೀತಿಯೇ ಬೇರೆ. ಹೊಸ ವರ್ಷನ್‌ನಲ್ಲಿ ಬಂದ ರಿಪೇರಿಯನ್ನಷ್ಟೇ ಬಿಡಿಸಿ ತಂದು ಹಳೆಯ ವರ್ಷನ್‌ಗೆ ಹೊಲಿಯುತ್ತಾರೆ. ಪ್ಯಾಕೇಜಿನ ನಂಬರಿನ ಬಾಲದಲ್ಲಿ ಡೆಬ್12ಯು1, ಡೆಬ್12ಯು2 ಅಂತ ಕಾಣುವುದು ಆ ಹೊಲಿಗೆಯ ಗುರುತು. ಬಾಲಕ್ಕೆ ಮೊದಲಿನ ನಂಬರ್ ಹಾಗೇ ಇರುತ್ತದೆ, ಮೆನು ಹಾಗೇ ಇರುತ್ತದೆ, ಫೈಲ್ ತೆರೆಯುವ ರೀತಿ ಹಾಗೇ ಇರುತ್ತದೆ. ಫೈರ್‌ಫಾಕ್ಸ್‌ನಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಬ್ರೌಸರಿಗೆ ಹೀಗೆ ವರ್ಷಗಟ್ಟಲೆ ಹೊಲಿಯುತ್ತ ಕೂರಲು ಆಗುವುದಿಲ್ಲ. ಅದಕ್ಕೆ ಇಎಸ್‌ಆರ್ (ಹೆಚ್ಚು ಕಾಲ ಬೆಂಬಲ ಸಿಗುವ) ವರ್ಷನ್‌ಗಳೇ ಒಂದರ ಹಿಂದೆ ಒಂದು ಬರುತ್ತವೆ.

ಇಷ್ಟು ಅಲುಗದೆ ನಿಲ್ಲಿಸಲು ಅವರು ಪಡುವ ಪಾಡು ನೋಡಿದರೆ ಗೌರವ ಹುಟ್ಟುತ್ತದೆ. ಹೊಸ ಪ್ಯಾಕೇಜ್ ಮೊದಲು ಅನ್‌ಸ್ಟೇಬಲ್‌ಗೆ ಬರುತ್ತದೆ. ಕೆಲವು ದಿನ ಅಲ್ಲಿದ್ದು, ಗಂಭೀರ ದೋಷ ಕಾಣದಿದ್ದರೆ ಟೆಸ್ಟಿಂಗ್‌ಗೆ ಇಳಿಯುತ್ತದೆ. ಬಿಡುಗಡೆ ಹತ್ತಿರವಾದಾಗ ಬಾಗಿಲನ್ನು ಒಂದೊಂದೇ ಇಂಚು ಮುಚ್ಚುತ್ತ ಬರುತ್ತಾರೆ. ಟ್ರಿಕ್ಸಿಗೆ ಮಾರ್ಚ್ 15ಕ್ಕೆ ಮೊದಲ ಫ್ರೀಜ್. ಲೈಬ್ರರಿಗಳ ದೊಡ್ಡ ಬದಲಾವಣೆ ಅಲ್ಲಿಗೆ ಬಂದ್. ಏಪ್ರಿಲ್ 15ಕ್ಕೆ ಸಾಫ್ಟ್ ಫ್ರೀಜ್, ಮೇ 15ಕ್ಕೆ ಹಾರ್ಡ್ ಫ್ರೀಜ್, ಜುಲೈ 27ಕ್ಕೆ ಪೂರ್ತಿ ಫ್ರೀಜ್, ಆಗಸ್ಟ್ 9ಕ್ಕೆ ಬಿಡುಗಡೆ. ಸುಮಾರು ಐದು ತಿಂಗಳು, ಒಳಗೆ ಏನನ್ನು ಬಿಡಬಾರದು ಎನ್ನುವುದೇ ಕೆಲಸ.

ಅವರು ಅಷ್ಟು ಮಾಡಿ ಕೊಟ್ಟದ್ದನ್ನು ನಾನು ಒಂದು ಸಾಲು ಸೇರಿಸಿ ಕೆಡಿಸಿದ್ದೆ. ಅದಕ್ಕೇ ನಿರ್ಧಾರ ಮಾಡಿದೆ. 23 ಮಶೀನಿಗೂ ಒಂದೇ ಕಡೆಯಿಂದ, ನಾನು ನೋಡಿ ಬಿಟ್ಟ ಪ್ಯಾಕೇಜ್ ಮಾತ್ರ ಹೋಗಬೇಕು. ಬಿಟ್ಟ ದಿನ ಯಾವುದು ಅಂತ ಬರೆದಿರಬೇಕು.

ಆಗಸ್ಟ್ 16 ರಿಂದ 23

ಸರ್ವರ್ ಅಂದರೆ ಮನೆಯಲ್ಲಿದ್ದ ಹಳೇ ಡೆಸ್ಕ್‌ಟಾಪ್. ನಾಲ್ಕು ಜಿಬಿ ರ‍್ಯಾಮ್, 500 ಜಿಬಿ ಡಿಸ್ಕ್. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿದೆ.

ಮೊದಲು ಸುಲಭದ ದಾರಿ ಹಿಡಿದೆ. ಹೋದ ವಾರ ಮಂಡಿಗಾಗಿ ಡೆಬಿಯನ್‌ನ ಆರ್ಕೈವಿನಿಂದ (ಪ್ಯಾಕೇಜುಗಳ ಉಗ್ರಾಣ) ಇಳಿಸಿಕೊಂಡಿದ್ದ ಫೈಲುಗಳು ಇದ್ದವಲ್ಲ, ಅವನ್ನೇ ಹಾಗೇ ಕಾಪಿ ಮಾಡಿ, ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಮೂಲಕ ಬಡಿಸುವುದು. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಆಪ್ಟ್ ಒಪ್ಪಲೇ ಇಲ್ಲ, ಪ್ಯಾಕೇಜುಗಳ ಸಹಿಯುಳ್ಳ ಪಟ್ಟಿಯಾದ ರಿಲೀಸ್ ಫೈಲಿನ ಅವಧಿ ಮುಗಿದಿದೆ ಅಂತ ಹೇಳಿತು. ಸೆಕ್ಯುರಿಟಿ ಆರ್ಕೈವಿನ ರಿಲೀಸ್ ಫೈಲಿಗೆ ಒಂದು ವಾರದ ವಾಯಿದೆ ಇರುತ್ತದೆ. ಅದಕ್ಕೆ ಕಾರಣವೂ ಇದೆ. ಸಹಿ ಸರಿಯಾಗಿಯೇ ಇರುವ ಹಳೇ ಪಟ್ಟಿಯನ್ನು ಯಾರಾದರೂ ನಿಮ್ಮ ಮಶೀನಿಗೆ ತಿನ್ನಿಸುತ್ತ ಹೋದರೆ, ಹೊಸ ರಿಪೇರಿಗಳು ಬಂದದ್ದೇ ನಿಮಗೆ ಗೊತ್ತಾಗುವುದಿಲ್ಲ. ವಾಯಿದೆ ಇದ್ದರೆ ಆ ಮೋಸ ಒಂದು ವಾರಕ್ಕಿಂತ ಜಾಸ್ತಿ ನಡೆಯದು. ವಾಯಿದೆ ನೋಡಬೇಡ ಅಂತ ಆಪ್ಟ್‌ಗೆ ಹೇಳಲು ಒಂದು ಸೆಟ್ಟಿಂಗ್ ಇದೆ. ಅದನ್ನು ಹಾಕಲು ಮನಸ್ಸು ಬರಲಿಲ್ಲ.

ಹಾಗಾಗಿ ಆಪ್ಟ್‌ಲಿ ಎಂಬ ಸಾಧನಕ್ಕೆ ಬಂದೆ. ಇದು ಆರ್ಕೈವಿನ ಮಿರರ್, ಅಂದರೆ ನಕಲು, ಮಾಡಿಕೊಳ್ಳುತ್ತದೆ. ಆ ಕ್ಷಣದ ಮಿರರನ್ನು ಸ್ನ್ಯಾಪ್‌ಶಾಟ್ ಆಗಿ ಹಿಡಿದಿಡುತ್ತದೆ. ಒಮ್ಮೆ ಹಿಡಿದ ಸ್ನ್ಯಾಪ್‌ಶಾಟ್ ಮತ್ತೆ ಬದಲಾಗುವುದಿಲ್ಲ. ಬೇಕಾದ ಸ್ನ್ಯಾಪ್‌ಶಾಟನ್ನು ನನ್ನದೇ ಕೀಲಿಯಿಂದ ಸಹಿ ಮಾಡಿ ಪಬ್ಲಿಶ್ ಮಾಡಬಹುದು. ಇನ್ನೊಂದಕ್ಕೆ ಬದಲಿಸುವುದು ಒಂದೇ ಕಮಾಂಡ್. ಮೇನ್, ಅಪ್‌ಡೇಟ್ಸ್, ಸೆಕ್ಯುರಿಟಿ ಎಂದು ಮೂರು ಮಿರರ್ ಮಾಡಿ, ಮೂರನ್ನೂ ಸೇರಿಸಿ ಒಂದು ಸ್ನ್ಯಾಪ್‌ಶಾಟ್. ಹೆಸರಿಗೆ ತಾರೀಖು.

ಟ್ರಿಕ್ಸಿಯಲ್ಲಿ 69,830 ಪ್ಯಾಕೇಜ್ ಇವೆ, ಬುಕ್‌ವರ್ಮ್‌ನಲ್ಲೂ 64 ಸಾವಿರದ ಮೇಲೆ. ಅಷ್ಟೂ ನನಗೆ ಯಾಕೆ? 23 ಮಶೀನಿನಿಂದಲೂ ಕೈಯಾರೆ ಹಾಕಿದ ಪ್ಯಾಕೇಜುಗಳ ಪಟ್ಟಿ ತೆಗೆದೆ. ಒಟ್ಟು ಮಾಡಿ, ಎರಡೆರಡು ಬಂದದ್ದನ್ನು ಕಳೆದಾಗ ನಾನೂರರ ಮೇಲೆ ಉಳಿಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಯಾವತ್ತೋ ಪ್ರಯೋಗಕ್ಕೆ ಹಾಕಿ ಬಿಟ್ಟವು. ಲ್ಯಾಬ್ ಮೇಡಂ ಜೊತೆ ಕೂತು ಒಂದೊಂದನ್ನೇ ಕೇಳುತ್ತ 140ಕ್ಕೆ ಇಳಿಸಿದೆ. ಈ 140 ಮತ್ತು ಅವು ನಂಬಿಕೊಂಡಿರುವವು ಮಾತ್ರ ಮಿರರ್ ಆಗುವಂತೆ ಫಿಲ್ಟರ್ ಹಾಕಿದೆ.

ಇಲ್ಲಿ ಎರಡು ಕಡೆ ಎಡವಿದೆ. ಮೊದಲನೆಯದು, ಆಪ್ಟ್‌ಲಿ ತಾನಾಗಿ ಡಿಪೆಂಡ್ಸ್ (ಇಲ್ಲದಿದ್ದರೆ ಓಡುವುದೇ ಇಲ್ಲ ಎನ್ನುವವು) ಅನ್ನು ಮಾತ್ರ ಹಿಂಬಾಲಿಸುತ್ತದೆ, ರೆಕಮೆಂಡ್ಸ್ (ಇದ್ದರೆ ಒಳ್ಳೆಯದು ಎನ್ನುವವು) ಅನ್ನು ಹಿಂಬಾಲಿಸುವುದಿಲ್ಲ. ಆದರೆ ಡೆಬಿಯನ್ ಮಶೀನಿನಲ್ಲಿ ಆಪ್ಟ್ ರೆಕಮೆಂಡ್ಸ್ ಅನ್ನೂ ಹಾಕುತ್ತದೆ. ಪರಿಣಾಮವಾಗಿ ಪ್ರಿಂಟಿಂಗ್ ನೋಡಿಕೊಳ್ಳುವ ಕಪ್ಸ್ ಬಂತು, ಅದರ ಫಿಲ್ಟರ್ ಪ್ಯಾಕೇಜುಗಳು ಬರಲಿಲ್ಲ. ಪ್ರಿಂಟ್ ಕೊಟ್ಟರೆ ಸಾಲಿನಲ್ಲಿ ನಿಲ್ಲುತ್ತದೆ, ಕಾಗದ ಹೊರಗೆ ಬರುವುದಿಲ್ಲ. ಒಂದು ಇಡೀ ಸಂಜೆ ಕೇಬಲ್ ಬದಲಿಸುತ್ತ ಕಳೆದೆ. ಆಪ್ಟ್‌ಲಿಯ ಸೆಟ್ಟಿಂಗ್ ಫೈಲಿನಲ್ಲಿ ರೆಕಮೆಂಡ್ಸ್ ಅನ್ನೂ ಹಿಂಬಾಲಿಸು ಎಂದು ಬರೆದ ಮೇಲೆ ಸರಿಹೋಯಿತು. ಎರಡನೆಯದು ಫರ್ಮ್‌ವೇರ್, ಅಂದರೆ ವೈಫೈನಂಥ ಹಾರ್ಡ್‌ವೇರಿನೊಳಗೆ ಓಡುವ ಸಾಫ್ಟ್‌ವೇರ್. ಬುಕ್‌ವರ್ಮ್‌ನಿಂದ ಅದಕ್ಕೆ ನಾನ್-ಫ್ರೀ-ಫರ್ಮ್‌ವೇರ್ ಎಂಬ ಬೇರೆಯದೇ ವಿಭಾಗ ಇದೆ. ನಾನು ಮೇನ್ ಮಾತ್ರ ಬರೆದಿದ್ದೆ. ಹೊಸದಾಗಿ ಹಾಕಿದ ಮಶೀನಿನಲ್ಲಿ ವೈಫೈ ಇಲ್ಲ.

ಸಹಿಯ ಕೀಲಿಗೆ ಎರಡು ವರ್ಷದ ಅವಧಿ ಕೊಟ್ಟೆ. ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿದ್ದೇನೆ, ಕೀಲಿಯ ಒಂದು ಪ್ರತಿ ಬೀರುವಿನಲ್ಲಿದೆ.

ಆಗಸ್ಟ್ 24, ಭಾನುವಾರ

ಒಂದೇ ಸಲಕ್ಕೆ ಎಲ್ಲರಿಗೂ ಬಿಡಬಾರದು ಅನ್ನುವುದು ಮೊದಲೇ ಗೊತ್ತಿತ್ತು. ಸ್ಟೇಬಲ್‌ನಲ್ಲೂ ಅಪಾಯ ಬಂದದ್ದಿದೆ. 2023ರ ಡಿಸೆಂಬರ್‌ನಲ್ಲಿ 12.3 ಎಂಬ ಪಾಯಿಂಟ್ ರಿಲೀಸ್ (ರಿಪೇರಿಗಳನ್ನು ಒಟ್ಟುಗೂಡಿಸಿ ಬಿಡುವ ಕಂತು) ಹೊರಡುವ ಹೊತ್ತಿಗೆ ಅದರ 6.1.64 ಕರ್ನಲ್‌ನಲ್ಲಿ, ಅಂದರೆ ಸಿಸ್ಟಂನ ತಿರುಳಿನಲ್ಲಿ, ಡಿಸ್ಕ್ ಮೇಲೆ ಫೈಲ್ ಇಡುವ ಇಎಕ್ಸ್‌ಟಿ4 ಫೈಲ್‌ಸಿಸ್ಟಂನ ಡೇಟಾ ಕೆಡಿಸುವ ದೋಷ ಸಿಕ್ಕಿತು. ಅದರ ಇಮೇಜುಗಳನ್ನು ತಡೆದು, ಡಿಸೆಂಬರ್ 10ಕ್ಕೆ ನೇರವಾಗಿ 12.4 ಬಿಟ್ಟರು. ಅವರು ಚುರುಕಾಗಿ ಹಿಡಿದರು. ಆದರೆ ನಡುವಿನ ಆ ಸ್ವಲ್ಪ ಹೊತ್ತಿನಲ್ಲಿ ಅಪ್‌ಡೇಟ್ ಆದ ಮಶೀನುಗಳಿಗೆ ಆ ಕರ್ನಲ್ ಹೋಗಿತ್ತು.

ನಮ್ಮ ಕಡೆ ಇದಕ್ಕೆ ಮಾತು ಹುಡುಕಬೇಕಿಲ್ಲ. ಈ ವರ್ಷ ಕನ್ನಂಬಾಡಿ ಕಟ್ಟೆ ಜೂನ್ ಕೊನೆಗೇ 124.80 ಅಡಿ ಮುಟ್ಟಿತ್ತು. ಕಟ್ಟೆ ತುಂಬಿದೆ ಅಂತ ಎಲ್ಲರ ಗದ್ದೆಗೂ ಒಂದೇ ದಿನ ನೀರು ಬರುವುದಿಲ್ಲವಲ್ಲ. ವಿಶ್ವೇಶ್ವರಯ್ಯ ನಾಲೆಯಲ್ಲಿ ತಲೆಭಾಗ, ಮಧ್ಯಭಾಗ, ಕೊನೆಭಾಗ ಅಂತ ಇರುತ್ತದೆ. ನನ್ನ ಮಶೀನುಗಳಿಗೂ ಅದೇ ಹೆಸರು ಇಟ್ಟೆ. ತಲೆಭಾಗ ನನ್ನ ಮನೆಯ ಎರಡು. ಮಧ್ಯಭಾಗ ಲ್ಯಾಬಿನ ನಾಲ್ಕು, ಡಿಟಿಪಿಯ ಒಂದು. ಮಿಕ್ಕ 16 ಕೊನೆಭಾಗ. ಮೂರಕ್ಕೂ ಆಪ್ಟ್‌ಲಿಯಲ್ಲಿ ಬೇರೆ ಬೇರೆ ಪಬ್ಲಿಶ್ ಜಾಗ. ಸ್ನ್ಯಾಪ್‌ಶಾಟ್ ಒಂದೇ, ತೂಬು ಎತ್ತುವ ದಿನ ಬೇರೆ. ತಲೆಭಾಗದಲ್ಲಿ ಎರಡು ದಿನ, ಮಧ್ಯಭಾಗದಲ್ಲಿ ನಾಲ್ಕು ದಿನ. ಗಂಭೀರ ಸೆಕ್ಯುರಿಟಿ ರಿಪೇರಿ ಆದರೆ ಎರಡೂ ಸೇರಿ ಒಂದು ದಿನ. ಕರ್ನಲ್ ಆದರೆ ಒಂದು ವಾರ ತುಂಬಬೇಕು.

ಕೆಟ್ಟದ್ದು ಹೋದರೆ ಹಳೇ ಸ್ನ್ಯಾಪ್‌ಶಾಟಿಗೆ ತಿರುಗಿಸಿದರಾಯಿತು ಅಂದುಕೊಂಡಿದ್ದೆ. ಮನೆಯ ಮಶೀನಿನಲ್ಲಿ ಮಾಡಿ ನೋಡಿದೆ, ಏನೂ ಆಗಲಿಲ್ಲ. ಒಳಗಿರುವುದಕ್ಕಿಂತ ಹಳೇ ನಂಬರ್ ಕಂಡರೆ ಆಪ್ಟ್ ತಾನಾಗಿ ಹಿಂದೆ ಹೋಗುವುದಿಲ್ಲ. ಯಾವುದಕ್ಕೆ ಆದ್ಯತೆ ಎಂದು ಹೇಳುವ ಪಿನ್ನಿನ ಅಂಕ 1000ಕ್ಕಿಂತ ಮೇಲೆ ಇಟ್ಟರೆ ಹೋಗುತ್ತದೆ. ಆದರೆ ಪ್ಯಾಕೇಜಿನ ಒಳಗಿನ ಸ್ಕ್ರಿಪ್ಟುಗಳನ್ನು ಬರೆದಿರುವುದು ಮುಂದೆ ಹೋಗಲು, ಹಿಂದೆ ಬರಲು ಅಲ್ಲ. ಡೆಬಿಯನ್‌ನವರೇ ಇದಕ್ಕೆ ಒಳ್ಳೆಯ ದಾರಿ ತೋರಿಸಿದ್ದಾರೆ. 2024ರ ಮಾರ್ಚ್ ಕೊನೆಗೆ ಎಕ್ಸ್‌ಝಡ್ ಎಂಬ ಕಂಪ್ರೆಶನ್ ಸಾಧನದ 5.6.0, 5.6.1 ವರ್ಷನ್‌ಗಳಲ್ಲಿ ಬೇಕೆಂದೇ ಇಟ್ಟ ಹಿಂಬಾಗಿಲು ಸಿಕ್ಕಿತು. ಅನ್‌ಸ್ಟೇಬಲ್‌ಗೂ ಟೆಸ್ಟಿಂಗ್‌ಗೂ ಅದು ಬಂದಿತ್ತು. ಬುಕ್‌ವರ್ಮ್‌ಗೆ ಬಂದಿರಲಿಲ್ಲ, ಅಲ್ಲಿದ್ದದ್ದು 5.4.1. ಆಗ ಅವರು 5.6.1 ಪ್ಲಸ್ ರಿಯಲಿ 5.4.5 ಅಂತ ನಂಬರ್ ಕೊಟ್ಟು ಹೊಸ ಪ್ಯಾಕೇಜ್ ಬಿಟ್ಟರು. ಹೊರಗಿನ ನಂಬರ್ ಮುಂದೆ, ಒಳಗಿನ ಕೋಡ್ ಹಳೆಯದು. ಎಲ್ಲ ಮಶೀನುಗಳೂ ಅದನ್ನು ಮಾಮೂಲಿ ಅಪ್‌ಡೇಟ್ ಆಗಿ ತೆಗೆದುಕೊಂಡವು. ನನ್ನ ಪುಸ್ತಕದಲ್ಲೂ ಇದನ್ನೇ ಬರೆದೆ: ತಿರುಗಿಸುವುದಿಲ್ಲ, ಹಳೆಯದನ್ನು ಮೇಲಿನ ನಂಬರಿನಲ್ಲಿ ಬಿಡುವುದು.

ಆಗಸ್ಟ್ 31

ಮಂಡಿಯ ಡಾಂಗಲ್‌ನ ಡೇಟಾ ಅಪ್‌ಡೇಟಿಗೇ ಖಾಲಿಯಾಗುತ್ತಿತ್ತು. ಅಲ್ಲಿಗೆ ಡಿಸ್ಕ್‌ನಲ್ಲೇ ಒಯ್ಯುವುದು ಅಂತ ಮಾಡಿದೆ. ಪಬ್ಲಿಶ್ ಆದ ಜಾಗವನ್ನು ಪೂರ್ತಿ ಒಂದು ಎಸ್‌ಎಸ್‌ಡಿಗೆ ಹಾಕಿ, ಬೈಕಿನ ಡಿಕ್ಕಿಯಲ್ಲಿಟ್ಟುಕೊಂಡು ಹೋದೆ. ಸಹಿ ಇರುವುದರಿಂದ ನೆಟ್‌ನಿಂದ ಬಂದರೂ ಡಿಸ್ಕ್‌ನಿಂದ ಬಂದರೂ ಆಪ್ಟ್ ಒಂದೇ ರೀತಿ ಪರೀಕ್ಷೆ ಮಾಡುತ್ತದೆ.

ಎರಡು ಮಶೀನು ಸರಾಗ. ಮೂರನೆಯದು, ತೂಕ ಬರೆದುಕೊಳ್ಳುವುದು, ರಿಲೀಸ್ ಫೈಲ್ ಇನ್ನೂ ಜಾರಿಗೇ ಬಂದಿಲ್ಲ ಅಂತ ಹಟ ಹಿಡಿಯಿತು. ಗಡಿಯಾರ ನೋಡಿದರೆ ಹಳೇ ತಾರೀಖು. ಮದರ್‌ಬೋರ್ಡಿನ ನಾಣ್ಯದಂಥ ಸೆಲ್ ಸತ್ತಿತ್ತು. ನೆಟ್ ಇದ್ದರೆ ಗಡಿಯಾರ ತಾನೇ ಸರಿಹೋಗುತ್ತಿತ್ತು. ಗುಮಾಸ್ತರು ದಿನಾ ಬೆಳಗ್ಗೆ ತಾರೀಖನ್ನು ಕೈಯಲ್ಲೇ ತಿದ್ದುತ್ತಿದ್ದರಂತೆ, ಇವತ್ತು ಭಾನುವಾರ ತಿದ್ದಿರಲಿಲ್ಲ. "ನಿಮಗ್ಯಾಕೆ ತೊಂದ್ರೆ ಅಂತ ಯೋಳ್ನಿಲ್ಲ ಕಣಣ್ಣ" ಅಂದರು. ಸಿಆರ್2032 ಸೆಲ್ ಪಕ್ಕದ ಬೀದಿಯಲ್ಲೇ ಸಿಕ್ಕಿತು. ಹಾಕಿ, ತಾರೀಖು ಕೊಟ್ಟ ಮೇಲೆ ಅಪ್‌ಡೇಟ್ ಆಯಿತು.

ಸೆಪ್ಟೆಂಬರ್ 7 ರಿಂದ 19

ನಿನ್ನೆ 13.1 ಬಂದಿದೆ. ಮೊದಲ ಪಾಯಿಂಟ್ ರಿಲೀಸ್ ಬರುವ ತನಕ ಟ್ರಿಕ್ಸಿಗೆ ಕೈ ಹಾಕುವುದಿಲ್ಲ ಅಂತ ಕಾದಿದ್ದೆ. ಇನ್ನು ದಸರಾ ರಜೆಯಲ್ಲಿ ಲ್ಯಾಬ್ ಖಾಲಿ ಇರುತ್ತದೆ. ಅದರೊಳಗೆ ಮನೆಯಲ್ಲಿ ಪರೀಕ್ಷೆ ಮುಗಿಸಬೇಕು.

ನಾನು ಕಟ್ಟಿದ ಒಂದು ಪುಟ್ಟ ಪ್ಯಾಕೇಜ್ ಬಗ್ಗೆ ಹೇಳಬೇಕು. ಕನ್ನಡಕ್ಕೆ ಬೇಕಾದ್ದೆಲ್ಲ ಅದರಲ್ಲಿದೆ. ಗುಬ್ಬಿ ಮತ್ತು ನವಿಲು ಫಾಂಟ್, ಐಬಸ್, ಹಲವು ಭಾಷೆಗಳ ಕೀಲಿಮಣೆ ಕೊಡುವ ಎಂ17ಎನ್, ಅದರ ಕೆಜಿಪಿ ಕೀಲಿಮಣೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಬೆರಳು ಪಳಗಿದವರಿಗೆ ಆ ವಿನ್ಯಾಸವೇ ಬೇಕು. ಮೊದಲು ಇವನ್ನು ಪ್ರತಿ ಮಶೀನಿನಲ್ಲೂ ಕೈಯಿಂದ ಹಾಕುತ್ತಿದ್ದೆ, ಬೇರೆ ಪ್ಯಾಕೇಜುಗಳ ಸೆಟ್ಟಿಂಗ್ ಫೈಲುಗಳನ್ನು ತೆರೆದು ತಿದ್ದುತ್ತಿದ್ದೆ. ಟ್ರಿಕ್ಸಿಗೆ ಏರಿಸುವಾಗ ಪ್ಯಾಕೇಜ್ ಬಿಚ್ಚಿ ಹಾಕುವ ಡಿಪಿಕೆಜಿ ನಿಂತು ಕೇಳಿತು, ನಿನ್ನ ಫೈಲ್ ಇಟ್ಟುಕೊಳ್ಳಲೋ ಹೊಸದು ಹಾಕಲೋ ಅಂತ. ಇದೇ ಪ್ರಶ್ನೆಗೆ 23 ಮಶೀನಿನಲ್ಲಿ 23 ಸಲ ಉತ್ತರ ಕೊಡುತ್ತ ಹೋದರೆ ಎಲ್ಲೋ ಒಂದು ಕಡೆ ತಪ್ಪು ಗುಂಡಿ ಒತ್ತುತ್ತೇನೆ. ಅದಕ್ಕೆ ಇನ್ನೊಬ್ಬರ ಫೈಲ್ ಮುಟ್ಟುವುದನ್ನೇ ಬಿಟ್ಟೆ. ಫಾಂಟ್ ಆರಿಸುವ ಫಾಂಟ್‌ಕಾನ್ಫಿಗ್ ಇರಲಿ, ಡೆಸ್ಕ್‌ಟಾಪಿನ ಸೆಟ್ಟಿಂಗ್ ಇಡುವ ಡಿಕಾನ್ಫ್ ಇರಲಿ, ಪಕ್ಕದಲ್ಲಿ ನಮ್ಮ ತುಂಡು ಫೈಲ್ ಇಡಲು ಒಂದು ಫೋಲ್ಡರ್ ಕೊಟ್ಟಿರುತ್ತಾರೆ. ನನ್ನ ಪ್ಯಾಕೇಜ್ ಅಲ್ಲಿ ಮಾತ್ರ ಬರೆಯುತ್ತದೆ. ಮತ್ತೆ ಏರಿಸಿ ನೋಡಿದೆ. ಆ ಪ್ರಶ್ನೆ ಬರಲಿಲ್ಲ.

ಪರೀಕ್ಷೆಗೆ ನಿಜವಾದ ಫೈಲುಗಳನ್ನೇ ತಂದುಕೊಂಡೆ. ಮೇಡಂ ಕೊಟ್ಟ ಹಳೇ ಪ್ರಶ್ನೆಪತ್ರಿಕೆಗಳು, ಮಂಡಿಯ ಪಟ್ಟಿಗಳು, ಡಿಟಿಪಿಯ ಲಗ್ನಪತ್ರಿಕೆ. ಬುಕ್‌ವರ್ಮ್‌ನ ಲಿಬ್ರೆಆಫೀಸ್ 7.4ರಲ್ಲಿ ಪಿಡಿಎಫ್ ಮಾಡಿ, ಟ್ರಿಕ್ಸಿಯ 25.2ರಲ್ಲಿ ಮತ್ತೆ ಮಾಡಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಎರಡು ಪುಟದ ವಿಜ್ಞಾನ ಪ್ರಶ್ನೆಪತ್ರಿಕೆ ಮೂರನೇ ಪುಟಕ್ಕೆ ಹರಿದಿತ್ತು. ಫೈಲಿನಲ್ಲಿ ಹೆಸರಿಸಿದ್ದ ಫಾಂಟ್ ಮಶೀನಿನಲ್ಲಿಲ್ಲ, ಬದಲಿಗೆ ಬಂದ ಫಾಂಟಿನಲ್ಲಿ ಸಾಲುಗಳ ನಡುವಿನ ಜಾಗ ಜಾಸ್ತಿ. ಫಾಂಟ್ ಇಲ್ಲದಿದ್ದರೆ ಗುಬ್ಬಿಯನ್ನೇ ತೆಗೆದುಕೋ ಎಂಬ ನಿಯಮವನ್ನು ಪ್ಯಾಕೇಜಿಗೆ ಸೇರಿಸಿದೆ. ಎರಡೇ ಪುಟ ಆಯಿತು. ಇದನ್ನು ಪರೀಕ್ಷೆಯ ಹಿಂದಿನ ದಿನ ಮೇಡಂ ಕಂಡುಹಿಡಿಯುವಂತೆ ಆಗಬಾರದಿತ್ತು, ಆಗಲಿಲ್ಲ. ನನಗೆ ತುಂಬ ಸಮಾಧಾನ ಕೊಟ್ಟ ದಿನ ಅದು.

19ಕ್ಕೆ ನನ್ನದೇ ಫ್ರೀಜ್. ಇನ್ನು ಲ್ಯಾಬ್ ಮುಗಿಯುವ ತನಕ ಹೊಸ ಪ್ಯಾಕೇಜ್ ಯಾರು ಕೇಳಿದರೂ ಇಲ್ಲ.

ಸೆಪ್ಟೆಂಬರ್ 22 ರಿಂದ ಅಕ್ಟೋಬರ್ 11

ಲ್ಯಾಬಿನ 16ರಲ್ಲಿ ಹತ್ತು ಮಶೀನು ಓದಿದ ಹಾಗೇ ನಡೆದವು. ರಿಲೀಸ್ ನೋಟ್ಸ್‌ನಲ್ಲಿ ಹೇಳಿರುವ ಕ್ರಮ ಹಿಡಿದೆ. ಮೊದಲು ಬ್ಯಾಕಪ್, ಹೊರಗಿನಿಂದ ಬಂದ ಪ್ಯಾಕೇಜ್ ಹುಡುಕಿ ತೆಗೆಯುವುದು, ಆಮೇಲೆ ಹೊಸದೇನೂ ಸೇರಿಸದ ಚಿಕ್ಕ ಅಪ್‌ಗ್ರೇಡ್, ಆಮೇಲೆ ಪೂರ್ತಿ ಅಪ್‌ಗ್ರೇಡ್. ಒಂದೊಂದಕ್ಕೆ ಸುಮಾರು 50 ನಿಮಿಷ.

ಎರಡರಲ್ಲಿ ಬೂಟ್ ಪಾರ್ಟಿಶನ್ (ಕರ್ನಲ್ ಇರುವ ಡಿಸ್ಕ್‌ನ ಭಾಗ) ಚಿಕ್ಕದು. ಟ್ರಿಕ್ಸಿಗೆ ಅದು 768 ಎಂಬಿ ಇರಬೇಕು, 300 ಎಂಬಿ ಖಾಲಿ ಇರಬೇಕು ಎನ್ನುತ್ತಾರೆ. ಇವುಗಳಲ್ಲಿ ಇದ್ದದ್ದು 240. ಹೊಸ ಕರ್ನಲ್ ಬರೆಯುವ ನಡುವೆ ಜಾಗ ಮುಗಿದರೆ ಮಶೀನ್ ಬೂಟ್ ಆಗದೆ ನಿಲ್ಲುತ್ತದೆ. ಪಾರ್ಟಿಶನ್ ಹಿಗ್ಗಿಸುವ ಸಾಹಸ ಬೇಡ ಎಂದು ಹೊಸದಾಗಿಯೇ ಹಾಕಿದೆ.

ನಾಲ್ಕು ಮಶೀನಿನಲ್ಲಿ 32 ಬಿಟ್ ಡೆಬಿಯನ್ ಇತ್ತು. ಟ್ರಿಕ್ಸಿಯಿಂದ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ ಇಲ್ಲ. ಆದರೆ ಹಾಕಿರುವ ಸಿಸ್ಟಂ 32 ಬಿಟ್ ಅಂದ ಮಾತ್ರಕ್ಕೆ ಪ್ರೊಸೆಸರ್ 32 ಬಿಟ್ ಆಗಿರಬೇಕಿಲ್ಲ. ಎಲ್‌ಎಸ್‌ಸಿಪಿಯು ಕಮಾಂಡ್ ಕೊಟ್ಟು ನೋಡಿದರೆ ಮೂರು 64 ಬಿಟ್ ಓಡಿಸಬಲ್ಲವು. ಯಾರೋ ರ‍್ಯಾಮ್ ಕಡಿಮೆ ಅಂತ 32 ಹಾಕಿದ್ದರು. ಅವಕ್ಕೂ ಹೊಸದಾಗಿ ಟ್ರಿಕ್ಸಿ ಹಾಕಿದೆ. ಒಂದು ಮಾತ್ರ ನಿಜಕ್ಕೂ 32 ಬಿಟ್‌ನ ಆಟಂ. ಅದು ಬುಕ್‌ವರ್ಮ್‌ನಲ್ಲೇ ಉಳಿಯುತ್ತದೆ, ಅದಕ್ಕೊಂದು ಪ್ರತ್ಯೇಕ ಸ್ನ್ಯಾಪ್‌ಶಾಟ್. ಬುಕ್‌ವರ್ಮ್‌ನ ಮಾಮೂಲಿ ಸೆಕ್ಯುರಿಟಿ ಬೆಂಬಲ 2026ರ ಜೂನ್‌ವರೆಗೆ. ಆಮೇಲೆ ಅದರ ನೆಟ್ ಕೇಬಲ್ ತೆಗೆದು ಮಕ್ಕಳ ಟೈಪಿಂಗ್ ಅಭ್ಯಾಸಕ್ಕೆ ಮಾತ್ರ ಇಡುತ್ತೇವೆ. ಮೇಡಂ ಒಪ್ಪಿದ್ದಾರೆ.

ಡಿಟಿಪಿ ಅಂಗಡಿಯಲ್ಲಿ ಬೇರೆ ಕಥೆ. ಅಪ್‌ಗ್ರೇಡ್ ಆದ ಮಾರನೇ ದಿನ ಅವರು ದೊಡ್ಡ ಪುಸ್ತಕ ಸ್ಕ್ಯಾನ್ ಮಾಡುವಾಗ ಜಾಗ ಇಲ್ಲ ಎಂಬ ದೂರು. ಡಿಸ್ಕ್‌ನಲ್ಲಿ 200 ಜಿಬಿ ಖಾಲಿ! ಟ್ರಿಕ್ಸಿಯಲ್ಲಿ ಟೆಂಪ್ ಫೋಲ್ಡರ್ (ತಾತ್ಕಾಲಿಕ ಫೈಲುಗಳ ಜಾಗ) ಡಿಸ್ಕ್ ಮೇಲೆ ಇರುವುದಿಲ್ಲ, ರ‍್ಯಾಮ್‌ನಲ್ಲಿರುತ್ತದೆ. ರ‍್ಯಾಮ್‌ನ ಅರ್ಧದಷ್ಟು ಮಾತ್ರ ಅದಕ್ಕೆ ಮಿತಿ. ಅವರ ಮಶೀನಿನಲ್ಲಿ ನಾಲ್ಕು ಜಿಬಿ, ಹಾಗಾಗಿ ಎರಡು ಜಿಬಿಗೆ ತುಂಬಿತು. ಮಶೀನಿನ ಸೇವೆಗಳನ್ನು ನಡೆಸುವ ಸಿಸ್ಟಂಡಿಯಲ್ಲಿ ಟೆಂಪ್ ಮೌಂಟನ್ನು ಮಾಸ್ಕ್ (ಬಂದ್) ಮಾಡಿ ರೀಬೂಟ್ ಮಾಡಿದರೆ ಮೊದಲಿನಂತೆ ಡಿಸ್ಕ್‌ಗೆ ಬರುತ್ತದೆ. ಇದು ಮಧ್ಯಭಾಗದ ಮಶೀನಿನಲ್ಲೇ ಗೊತ್ತಾಗಿದ್ದರಿಂದ ಅವರ ಎರಡನೇ ಮಶೀನಿಗೆ ಮೊದಲೇ ಮಾಡಿಟ್ಟೆ.

ರಜೆ ಮುಗಿಯುವ ಹೊತ್ತಿಗೆ ಇನ್ನೂ ಮೂರು ಬಾಕಿ ಇದ್ದವು. ಅಷ್ಟರಲ್ಲಿ ಸಮೀಕ್ಷೆಗಾಗಿ ಸರ್ಕಾರಿ, ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಮುಂದುವರಿಯಿತು. ಅವಸರವಿಲ್ಲದೆ ಮುಗಿಸಿದೆ.

ಅಕ್ಟೋಬರ್ 12

ಮಂಡಿಗೆ ಟ್ರಿಕ್ಸಿ ಒಯ್ದೆ. ಹಾಕುವ ಮೊದಲು ಆಪ್ಟ್‌ನ ಲಾಗ್ ತೆರೆದು ನೋಡಿ ಸುಮ್ಮನೆ ಕೂತುಬಿಟ್ಟೆ. ಕೊನೇ ಅಪ್‌ಡೇಟ್ ಆಗಸ್ಟ್ 31. ಆರು ವಾರ ಈ ಮೂರು ಮಶೀನಿಗೆ ಒಂದು ಹನಿ ನೀರು ಬಂದಿಲ್ಲ. ಲ್ಯಾಬಿನ ಗಲಾಟೆಯಲ್ಲಿ ನಾನು ಡಿಸ್ಕ್ ತೆಗೆದುಕೊಂಡು ಬಂದೇ ಇರಲಿಲ್ಲ. ಡಾಂಗಲ್ ಹಾಕಿ ಬ್ಯಾಂಕಿನ ಪುಟ ತೆರೆಯುವುದು ಇವೇ ಮಶೀನಿನಲ್ಲಿ.

ಮಳವಳ್ಳಿ, ಮದ್ದೂರು ಕಡೆಯ ಕೊನೆಭಾಗದ ರೈತರು ನೀರು ತಲುಪಲಿಲ್ಲ ಅಂತ ಹೇಳುವುದನ್ನು ಚಿಕ್ಕಂದಿನಿಂದ ಕೇಳುತ್ತ ಬೆಳೆದವನು ನಾನು. ನಾನೇ ಒಂದು ನಾಲೆ ಮಾಡಿ, ಅದರ ಕೊನೆಭಾಗವನ್ನು ಒಣಗಿಸಿದ್ದೆ.

ಯಾಕೆ ಗೊತ್ತಾಗಲಿಲ್ಲ ಅಂತ ಯೋಚಿಸಿದಾಗ ಉತ್ತರ ಆಗಸ್ಟ್‌ನಲ್ಲೇ ಇತ್ತು. ಡೆಬಿಯನ್‌ನ ಸೆಕ್ಯುರಿಟಿ ಫೈಲಿಗೆ ಒಂದು ವಾರದ ವಾಯಿದೆ ಇತ್ತು, ಅದಕ್ಕೇ ಆಪ್ಟ್ ಜಗಳ ತೆಗೆದಿತ್ತು. ಆಪ್ಟ್‌ಲಿ ಬರೆಯುವ ರಿಲೀಸ್ ಫೈಲಿನಲ್ಲಿ ಅಂಥ ವಾಯಿದೆ ಇಲ್ಲ. ಹಾಗಾಗಿ ನನ್ನ ಪ್ಯಾಕೇಜ್ ಉಗ್ರಾಣ (ರೆಪೊಸಿಟರಿ) ಎಷ್ಟು ಹಳೆಯದಾದರೂ ಮಶೀನ್ ಎಲ್ಲ ಸರಿಯಿದೆ ಅಂತಲೇ ಹೇಳುತ್ತದೆ. ವಾಯಿದೆ ನೋಡಬೇಡ ಎಂಬ ಸೆಟ್ಟಿಂಗ್ ಬೇಡ ಅಂದಿದ್ದೆನಲ್ಲ, ಬೇರೆ ದಾರಿಯಲ್ಲಿ ಅದನ್ನೇ ಮಾಡಿದ್ದೆ.

ಅವತ್ತು ರಾತ್ರಿ ಕನ್ನಡದ ಪ್ಯಾಕೇಜಿಗೆ ಒಂದು ಪುಟ್ಟ ಸ್ಕ್ರಿಪ್ಟ್ ಸೇರಿಸಿದೆ. ಪ್ರತಿ ಸ್ನ್ಯಾಪ್‌ಶಾಟ್ ಬಿಡುವಾಗ ಅದರ ತಾರೀಖು ಪ್ಯಾಕೇಜಿನೊಳಗೆ ಹೋಗುತ್ತದೆ. ಲಾಗಿನ್ ಆದಾಗ ಸ್ಕ್ರಿಪ್ಟ್ ಆ ತಾರೀಖನ್ನೂ ಇವತ್ತಿನ ತಾರೀಖನ್ನೂ ಹೋಲಿಸುತ್ತದೆ. 14 ದಿನ ದಾಟಿದ್ದರೆ ಪರದೆಯ ಮೇಲೆ ಒಂದು ಹಳದಿ ಚೀಟಿ: "ಅಪ್‌ಡೇಟ್ ಬಂದು 14 ದಿನ ಆಯಿತು. ಅಣ್ಣನಿಗೆ ಫೋನ್ ಮಾಡಿ." ಲೆಕ್ಕ ಮಶೀನಿನ ಗಡಿಯಾರವನ್ನು ನಂಬಿದೆ. ಆ ಸೆಲ್ ಬದಲಿಸಿದ್ದು ಒಳ್ಳೆಯದಾಯಿತು. ಗಡಿಯಾರ ಸ್ನ್ಯಾಪ್‌ಶಾಟಿಗಿಂತ ಹಿಂದೆ ಇದ್ದರೂ ಚೀಟಿ ಬರುವಂತೆ ಮಾಡಿದೆ.

ಮಂಡಿಯ ಮೂರೂ ಮಶೀನಿಗೆ ಟ್ರಿಕ್ಸಿ ಹಾಕಿದ್ದು ಅಕ್ಟೋಬರ್ 26ಕ್ಕೆ, ಈ ಸ್ಕ್ರಿಪ್ಟ್ ಸಮೇತ.

ನವೆಂಬರ್ 27

15ಕ್ಕೆ 13.2 ಬಂತು. 16ಕ್ಕೆ ಸ್ನ್ಯಾಪ್‌ಶಾಟ್, ತಲೆಭಾಗಕ್ಕೆ ಬಿಟ್ಟೆ. 18ಕ್ಕೆ ಮಧ್ಯಭಾಗ. ಕರ್ನಲ್ ಇದ್ದದ್ದರಿಂದ ವಾರ ತುಂಬಿಸಿ 25ಕ್ಕೆ ಲ್ಯಾಬಿನ ಮಿಕ್ಕ ಮಶೀನುಗಳು. ದೂರು ಬರಲಿಲ್ಲ.

ಇವತ್ತು ಬೆಳಗ್ಗೆ ಮಂಡಿಯಿಂದ ಫೋನ್. "ಅಣ್ಣ, ನೀವು ಹಾಕಿದ್ರಲ್ಲ, ಆ ಅಳದಿ ಚೀಟಿ ಬಂದದೆ." ನವೆಂಬರ್ 12ರ ಸ್ನ್ಯಾಪ್‌ಶಾಟ್ ಅಲ್ಲಿತ್ತು, 15 ದಿನ. ಡಿಸ್ಕ್ ಸಿದ್ಧವೇ ಇತ್ತು. ಹತ್ತು ಗಂಟೆಗೆ ಹೋದೆ. ಪಟ್ಟಿ ಬರೆಯುವ ಮಶೀನನ್ನು ಕೊನೆಗೆ ಇಟ್ಟುಕೊಂಡು, ಗಾಡಿಗಳು ಕಡಿಮೆಯಾದ ಮೇಲೆ ಅದಕ್ಕೂ ಹಾಕಿದೆ. ಹೊಸ ಕರ್ನಲ್‌ಗಾಗಿ ಒಮ್ಮೆ ರೀಬೂಟ್. ಚೀಟಿ ಹೋಗಿತ್ತು. ಗುಮಾಸ್ತರು ಬಂದು ಕೂತು ಕ ಒತ್ತಿದರು, ಕ ಬಂತು. ಮುಂದಿನ ರೈತರ ಹೆಸರು ಕೇಳಿ ಬರೆಯತೊಡಗಿದರು.